ಕಾರವಾರ: ಕಚೇರಿಯ ಊರಿನಾಚೆಯ ಬಂದರು

ಘಟ್ಟದ ಮೇಲಿನವರಾದ ನಮಗೆ ಕಾರವಾರವೆಂದರೆ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ನ್ಯಾಯಾಲಯ ಮತ್ತು ಖಜಾನೆ. ಶಿರಸಿಯಿಂದ ನಸುಕಿನ ಬಸ್ಸು ಹತ್ತಿ, ಬಗಲಲ್ಲಿ ಕಾಗದಪತ್ರಗಳ ಚೀಲ ಹಿಡಿದು, ಸಾಹೇಬರು ಮೀಟಿಂಗಿನಲ್ಲಿದ್ದಾರೆಂಬ ಮಾತು ಕೇಳಿ, ಸಂಜೆಯ ಬಸ್ಸಿಗೆ ಮರಳುವ ಊರು ಅದು. ಸಮುದ್ರ ಕಚೇರಿಯಿಂದ ಕೂಗಳತೆಯ ದೂರದಲ್ಲಿದ್ದರೂ ಅತ್ತ ಕಣ್ಣು ಹಾಯಿಸುವ ವ್ಯವಧಾನ ನಮ್ಮಲ್ಲಿ ಅನೇಕರಿಗೆ ಸಿಕ್ಕಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ ಬ್ರಿಟಿಷರು ಈ ಊರನ್ನು ಬೆಳೆಸಿದ್ದಕ್ಕೆ ಕಾರಣ ಕಚೇರಿಗಳಲ್ಲ, ಬಂದರು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಇಲ್ಲಿಂದ ಹಡಗಿಗೆ ಹೇರಬೇಕೆಂಬುದು ಅವರ ಲೆಕ್ಕಾಚಾರವಾಗಿತ್ತು. ಅದಕ್ಕೆ ಬೇಕಾಗಿದ್ದ ರೈಲು ಹಾದಿ ಕೊನೆಗೆ ಗೋವಾದ ಮರ್ಮಗೋವಾ ಕಡೆಗೆ ಹೋಯಿತು. ಕಾರವಾರಕ್ಕೆ ಕಚೇರಿಗಳು ಉಳಿದವು. ನಿವೃತ್ತಿಯ ನಂತರವಾದರೂ ಯಾವ ಅರ್ಜಿಯೂ ಇಲ್ಲದೆ ಆ ಊರಿಗೆ ಹೋಗಬೇಕೆಂದು ನಾನೂ ನಮ್ಮ ಯಜಮಾನರೂ ಫೆಬ್ರವರಿಯ ಒಂದು ವಾರಾಂತ್ಯಕ್ಕೆ ಹೊರಟೆವು. ನನ್ನೊಡನೆ ಹಿಂದೆ ಶಿರಸಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಗೆಳತಿಯ ಮನೆ ಕೋಡಿಬಾಗದಲ್ಲಿರುವುದರಿಂದ ವಸತಿಯ ಚಿಂತೆ ಇರಲಿಲ್ಲ.

ಶುಕ್ರವಾರ

ದೇವಿಮನೆ ಘಟ್ಟವನ್ನು ಇಳಿಯುವಾಗ ಕಿವಿ ಕಟ್ಟಿಕೊಳ್ಳುವುದು, ಕುಮಟಾ ಸಮೀಪಿಸಿದಂತೆ ಬೆವರು ಮೂಡುವುದು, ಇವೆರಡೂ ಎಂದಿನಂತೆಯೇ ಆದವು. ಕುಮಟಾದಿಂದ ಮುಂದೆ ಹೆದ್ದಾರಿ ಗಂಗಾವಳಿಯ ದಂಡೆಗೆ ಬರುತ್ತದೆ. ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು, ರಸ್ತೆಬದಿಯ ಚಹದಂಗಡಿಯ ಸಮೇತ ಜನರನ್ನೂ ವಾಹನಗಳನ್ನೂ ನದಿಗೆ ನೂಕಿದ ಜಾಗವನ್ನು ಬಸ್ಸು ದಾಟುವಾಗ ಪ್ರಯಾಣಿಕರ ಮಾತು ತಾನಾಗಿಯೇ ನಿಂತಿತು. ಕಡಿದಾಗಿ ಕತ್ತರಿಸಿದ ಗುಡ್ಡದ ಕೆಂಪು ಮಣ್ಣನ್ನು ನೋಡಿದರೆ, ರಸ್ತೆ ಅಗಲವಾಗಿದ್ದಕ್ಕೆ ಕೊಟ್ಟ ಬೆಲೆ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಉಪ್ಪಿನ ಸತ್ಯಾಗ್ರಹದ ಅಂಕೋಲಾದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅಲ್ಲಿಂದ ಮುಂದೆ, ಅಮದಳ್ಳಿಯ ನಂತರ, ಎಡಗಡೆಗೆ ಉದ್ದಕ್ಕೂ ನೌಕಾನೆಲೆಯ ಆವರಣ ಗೋಡೆ. ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಐಎನ್‌ಎಸ್ ಕದಂಬ ಎಂಬ ಹೆಸರಿನ ಈ ನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ನಡುವಿನ ವರ್ಷಗಳಲ್ಲಿ ಕಡಲಂಚಿನ ಹಳ್ಳಿಗಳು ಗದ್ದೆ, ತೋಟ, ಕಡಲತೀರ ಎಲ್ಲವನ್ನೂ ಬಿಟ್ಟುಕೊಟ್ಟು ಹೆದ್ದಾರಿಯ ಆಚೆಯ ಪುನರ್ವಸತಿ ಕಾಲೊನಿಗಳಿಗೆ ಸರಿದವು. ಪರಿಹಾರದ ಮೊತ್ತಕ್ಕಾಗಿ ದಶಕಗಳ ಕಾಲ ನ್ಯಾಯಾಲಯಕ್ಕೆ ಅಲೆದವರ ಕಥೆ ಈ ಕರಾವಳಿಯಲ್ಲಿ ಮನೆಮನೆಗೂ ಗೊತ್ತು. ಗೋಡೆಯ ಮೇಲಿನ ಮುಳ್ಳುತಂತಿಯ ಸಂದಿಯಿಂದ ಅಲ್ಲಲ್ಲಿ ನೀಲಿ ಕಾಣುತ್ತದೆ, ಅಷ್ಟೇ.

ಬಿಣಗಾದ ಸುರಂಗ ದಾಟಿ ಊರು ಸೇರಿದಾಗ ಮಧ್ಯಾಹ್ನ ಎರಡು ಗಂಟೆ. ಗೆಳತಿ ಬಸ್ ನಿಲ್ದಾಣದಲ್ಲಿಯೇ ಕಾಯುತ್ತಿದ್ದಳು. "ಮನೆಯ ಊಟ ರಾತ್ರಿಗೆ ಇರಲಿ ಅಕ್ಕೋರೇ, ಮೊದಲು ಖಾನಾವಳಿಯ ಊಟ ಉಣ್ಣಿ, ಇಲ್ಲದಿದ್ದರೆ ಕಾರವಾರಕ್ಕೆ ಬಂದಂತೆಯೇ ಅಲ್ಲ" ಎಂದು ಪೇಟೆಯ ಒಳಬೀದಿಯ ಒಂದು ಖಾನಾವಳಿಗೆ ಕರೆದೊಯ್ದಳು. ಆರೇಳು ಮೇಜುಗಳ ಇಕ್ಕಟ್ಟಿನ ಜಾಗ. ಗಲ್ಲಾಪೆಟ್ಟಿಗೆಯ ಹಿಂದೆ ಆ ದಿನದ ಮೀನುಗಳ ಹೆಸರು ಬರೆದ ಕಪ್ಪುಹಲಗೆ. ಮಾತೆಲ್ಲ ಕೊಂಕಣಿಯಲ್ಲಿ, ಲೆಕ್ಕ ಮಾತ್ರ ಕನ್ನಡದಲ್ಲಿ. ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗಡೆಯ ಹುಮಣ ಎಂಬ ಕಾಯಿ ಅರೆದ ಸಾರು, ಒಣಸಿಗಡಿಗೆ ಕಾಯಿತುರಿ ಮತ್ತು ಈರುಳ್ಳಿ ಬೆರೆಸಿದ ಕಿಸ್ಮೂರ್, ಚಿಪ್ಪಿನೊಂದಿಗೇ ಬೇಯಿಸಿದ ತಿಸರಿಯ ಸುಕ್ಕೆ, ಬಟ್ಟಲಲ್ಲಿ ತೆಳು ಗುಲಾಬಿ ಬಣ್ಣದ ಸೋಲ್ ಕಢಿ. ಬೇರೆಯಾಗಿ ಹೇಳಿ ತರಿಸಿಕೊಂಡ ನೊಗಲಿಯ ರವಾ ಫ್ರೈ ಬಾಣಲೆಯಿಂದ ನೇರವಾಗಿ ಬಂತು. ಹೊರಗಿನ ರವೆ ಗರಿಗರಿಯಾಗಿ, ಒಳಗಿನ ಮಾಂಸ ಬೆರಳು ತಾಗಿದರೆ ಎಸಳಾಗಿ ಬಿಡಿಸಿಕೊಳ್ಳುವಷ್ಟು ಮೃದುವಾಗಿತ್ತು. ಶಿರಸಿಯ ಪೇಟೆಗೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ಬರುವ ಮೀನಿಗೂ ಇದಕ್ಕೂ ಇರುವ ಅಂತರ ಮೊದಲ ತುತ್ತಿನಲ್ಲಿಯೇ ತಿಳಿಯಿತು. ನಮ್ಮಲ್ಲಿ ಮಸಾಲೆ ಮೀನಿನ ವಯಸ್ಸನ್ನು ಮುಚ್ಚುವ ಕೆಲಸ ಮಾಡುತ್ತದೆ. ಇಲ್ಲಿ ಅದಕ್ಕೆ ಆ ಹೊರೆ ಇಲ್ಲ.

ಶನಿವಾರ

ಬೆಳಗಿನ ಆರಕ್ಕೆ ಮೊದಲೇ ಬೈತಖೋಲದ ಮೀನುಗಾರಿಕಾ ಬಂದರಿನಲ್ಲಿದ್ದೆವು. ಊರಿನ ದಕ್ಷಿಣಕ್ಕೆ ಕಾಡು ಹೊದ್ದ ಗುಡ್ಡವೊಂದು ಸಮುದ್ರಕ್ಕೆ ಚಾಚಿಕೊಂಡಿದೆ. ಮುಂಗಾರಿನಲ್ಲಿ ನೈಋತ್ಯದಿಂದ ಬರುವ ಗಾಳಿಗೂ ಅಲೆಗೂ ಅದು ಬೆನ್ನು ಕೊಡುವುದರಿಂದ ಅದರ ಮಗ್ಗುಲಿನ ಕೊಲ್ಲಿ ವರ್ಷವಿಡೀ ಶಾಂತವಾಗಿರುತ್ತದೆ. ಕಾರವಾರ ಸರ್ವಋತು ಬಂದರು ಎನಿಸಿಕೊಂಡಿರುವುದು ಈ ಗುಡ್ಡದ ಕೃಪೆಯಿಂದ. ಇಂಗ್ಲಿಷರು, ಪೋರ್ಚುಗೀಸರು, ಸೋದೆಯ ಅರಸರು, ಶಿವಾಜಿಯ ದಂಡು, ಈಗಿನ ನೌಕಾಪಡೆ, ಇವರೆಲ್ಲ ಸರದಿಯಂತೆ ಈ ಮೂಲೆಗೆ ಬಂದಿದ್ದರ ಗುಟ್ಟು ಇತಿಹಾಸದ ಪುಸ್ತಕಕ್ಕಿಂತ ಬೈತಖೋಲದ ದಕ್ಕೆಯ ಮೇಲೆ ನಿಂತಾಗ ಸಲೀಸಾಗಿ ತಿಳಿಯುತ್ತದೆ: ಆಚೆ ನೀರು ಕುದಿಯುತ್ತಿದ್ದರೂ ಈಚೆ ದೋಣಿಗಳು ಅಲುಗುವುದಿಲ್ಲ.

ರಾತ್ರಿ ಕಡಲಿಗೆ ಹೋಗಿದ್ದ, ಸುತ್ತುಬಲೆ ಬೀಸುವ ಪರ್ಸೀನ್ ಬೋಟುಗಳು ಒಂದರ ಪಕ್ಕ ಒಂದು ಬಂದು ನಿಲ್ಲುತ್ತಿದ್ದವು. ಬೋಟಿನ ಹೊಟ್ಟೆಯಿಂದ ಬುಟ್ಟಿ ತುಂಬಿ ಕೊಡುವವನೊಬ್ಬ, ದಂಡೆಯ ಮೇಲೆ ಹಿಡಿಯುವವನೊಬ್ಬ, ನಡುವೆ ಒಂದು ಕಾಲು ಬೋಟಿನ ಅಂಚಿನಲ್ಲೂ ಇನ್ನೊಂದು ದಕ್ಕೆಯ ಮೇಲೂ ಇಟ್ಟು ದಾಟಿಸುವವನೊಬ್ಬ. ಬುಟ್ಟಿಯಿಂದ ಸೋರಿದ ನೀರು, ಹುರುಪೆ, ಮಂಜುಗಡ್ಡೆಯ ಪುಡಿ ಸೇರಿ ನೆಲವೆಲ್ಲ ಜಾರುತ್ತಿತ್ತು. ದುಡಿಯುವ ಹುಡುಗರಲ್ಲಿ ಹಲವರು ಹೊರರಾಜ್ಯದವರು. ಹಿಂದಿ, ಒಡಿಯಾ, ಕೊಂಕಣಿ, ಕನ್ನಡ ಎಲ್ಲವೂ ಒಟ್ಟಿಗೆ ಕೇಳಿಸುತ್ತಿದ್ದವು. ಲಿಲಾವು ಕೂಗುವವನ ಸುತ್ತ ನೆರೆದ ಹೆಂಗಸರು ಬೆಲೆಯನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಒಬ್ಬಾಕೆ ಬುಟ್ಟಿಗೆ ಕೈ ಹಾಕಿ, ಅಡಿಯಲ್ಲಿದ್ದ ಒಂದು ಬಂಗಡೆಯನ್ನು ತೆಗೆದು, ಹೆಬ್ಬೆರಳಿನಿಂದ ಕಿವಿರು ಎತ್ತಿ ನೋಡಿದಳು. ಒಳಗೆ ದಾಸವಾಳದ ಕೆಂಪು. ಮೀನನ್ನು ಬುಟ್ಟಿಗೆ ಎಸೆದು ಗದ್ದ ತುಸು ಎತ್ತಿದಳು, ವ್ಯಾಪಾರ ಮುಗಿಯಿತು. ಮೇಲಿನ ಸಾಲಿನ ಮೀನು ನೋಡಿ ಕೊಳ್ಳುವವರು ಘಟ್ಟದವರೇ ಇರಬೇಕೆಂದು ಗೆಳತಿ ನನ್ನ ಕಡೆ ನೋಡಿ ನಕ್ಕಳು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಆ ಅವಧಿಯಲ್ಲಿ ಊರಿಗೆ ಮೀನು ಕೊಡುವುದು ನಾಡದೋಣಿ ಮತ್ತು ಏಂಡಿ ಬಲೆ. ದಡದಿಂದಲೇ ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಯ ಹಗ್ಗವನ್ನು ಜನ ಸಾಲಾಗಿ ನಿಂತು ಎಳೆಯುವ ಕ್ರಮವದು. ಅದಕ್ಕೆ ಬಂಡೆಯಿಲ್ಲದ, ಉದ್ದನೆಯ ಮರಳಿನ ದಂಡೆ ಬೇಕು. ಆದ್ದರಿಂದಲೇ ವಾಣಿಜ್ಯ ಬಂದರಿನ ವಿಸ್ತರಣೆಗಾಗಿ ಕಡಲತೀರದ ಕಡೆಗೆ ಅಲೆತಡೆಗೋಡೆ ಕಟ್ಟಹೊರಟಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದು ಪೇಟೆ ಮುಚ್ಚಿಸಿದರು. ವಿಷಯ ಹೈಕೋರ್ಟಿಗೆ ಹೋಗಿ ಕಾಮಗಾರಿಗೆ ತಡೆ ಬಂತು. ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದಾಗ ಅಭಿವೃದ್ಧಿ ಮತ್ತು ವಿರೋಧದ ಮಾಮೂಲಿ ಜಗಳವೆಂದುಕೊಂಡಿದ್ದೆ. ದಕ್ಕೆಯ ಮೇಲೆ ನಿಂತು, ಆ ಗೋಡೆ ಎಲ್ಲಿಗೆ ಬರಬೇಕಿತ್ತೆಂದು ಗೆಳತಿ ಕೈ ತೋರಿಸಿದ ಮೇಲೆ, ಏಂಡಿ ಎಳೆಯುವವರಿಗೆ ಉಳಿಯುತ್ತಿದ್ದ ಮರಳೆಷ್ಟು ಎಂಬುದು ಕಣ್ಣಳತೆಗೇ ಸಿಕ್ಕಿತು. ಪಕ್ಕದ ವಾಣಿಜ್ಯ ಬಂದರಿನಲ್ಲಿ ಡಾಂಬರು ತಂದ ಹಡಗೊಂದು ನಿಂತಿತ್ತು. ಹೊಸಪೇಟೆ ಕಡೆಯ ಅದಿರು ಇಲ್ಲಿ ರಾಶಿ ಬಿದ್ದು ಊರೆಲ್ಲ ಕೆಂಪು ಧೂಳಾಗುತ್ತಿದ್ದ ಕಾಲ, 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತನ್ನು ನಿಷೇಧಿಸುವುದರೊಂದಿಗೆ ಮುಗಿಯಿತು.

ಅಲ್ಲಿಂದ ಮೀನು ಮಾರುಕಟ್ಟೆ. ಲಿಲಾವಿನಲ್ಲಿ ತುಟಿ ಬಿಚ್ಚದ ಹೆಂಗಸರೇ ಇಲ್ಲಿ ಬಾಯಿ ತುಂಬ ಕರೆಯುತ್ತಾರೆ. ಇಸವಣ, ಪಾಪ್ಲೆಟ್, ಶೇವಟೆ, ತಾರ್ಲೆ, ಸಿಗಡಿ, ಏಡಿ ಎಲ್ಲವೂ ದರ್ಜೆ ಪ್ರಕಾರ ಜೋಡಿಸಿಟ್ಟಿದ್ದವು. ಗೆಳತಿ ಕೊಂಡ ಬಂಗಡೆಗಳನ್ನು ಹೆಂಗಸೊಬ್ಬಳು ಮೆಟ್ಟುಗತ್ತಿಯ ಮೇಲೆ, ನೋಡದೆಯೇ, ನಮ್ಮೊಡನೆ ಮಾತನಾಡುತ್ತಲೇ ಸ್ವಚ್ಛ ಮಾಡಿಕೊಟ್ಟಳು: ರೆಕ್ಕೆ, ಬಾಲದಂಚು, ಹೊಟ್ಟೆಯ ಕರುಳು, ಕೊನೆಗೆ ಮಸಾಲೆ ಇಳಿಯಲೆಂದು ಎರಡೂ ಮಗ್ಗುಲಿಗೆ ಓರೆಯಾಗಿ ಗೀರು.

ಮಧ್ಯಾಹ್ನ ಅದರ ಅಡುಗೆ ನೋಡಿದೆ. ಹಸಿ ತೆಂಗಿನಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಅರಿಸಿನ ಇಷ್ಟನ್ನೇ ನುಣ್ಣಗೆ ಅರೆದು, ಹುಳಿಗೆ ಮುರುಗಲು ಸಿಪ್ಪೆ ಹಾಕಿ ಕುದಿಸಿ, ಮೀನು ಹಾಕಿದ ಮೇಲೆ ತಿರಪಳದ ಕಾಯಿಗಳನ್ನು ಬೀಜ ತೆಗೆದು ಜಜ್ಜಿ ಬಿಡುತ್ತಾರೆ. ಒಗ್ಗರಣೆ ಇಲ್ಲ, ಮೇಲಿನಿಂದ ಒಂದು ಚಮಚ ಕೊಬ್ಬರಿ ಎಣ್ಣೆ ಮಾತ್ರ. ನಾಲಿಗೆಯ ತುದಿಯನ್ನು ಸಣ್ಣಗೆ ಜುಮ್ಮೆನಿಸುವ ತಿರಪಳ ಬಂಗಡೆ, ತಾರ್ಲೆಯಂಥ ಎಣ್ಣೆಯಂಶದ ಮೀನಿಗೇ ಸರಿ, ಇಸವಣಕ್ಕೆ ಯಾರೂ ಹಾಕುವುದಿಲ್ಲ ಎಂಬುದು ಗೆಳತಿಯ ಖಚಿತ ಅಭಿಪ್ರಾಯ.

ಬಿಸಿಲು ಇಳಿದ ಮೇಲೆ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಹೋದೆವು. ಐಎನ್‌ಎಸ್ ಚಪಲ್ ದಂಡೆಯ ಮೇಲೆಯೇ ನಿಂತಿದೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ, 1976ರಲ್ಲಿ ನಮ್ಮ ನೌಕಾಪಡೆ ಸೇರಿದ ಈ ಕ್ಷಿಪಣಿ ನೌಕೆಯನ್ನು 2005ರಲ್ಲಿ ಸೇವೆಯಿಂದ ಬಿಡುಗಡೆ ಮಾಡಿ ಮರುವರ್ಷ ವಸ್ತುಸಂಗ್ರಹಾಲಯವಾಗಿಸಿದರು. ಉದ್ದ 40 ಮೀಟರಿಗೂ ಕಡಿಮೆ. ಅಷ್ಟರಲ್ಲೇ ನಾಲ್ಕು ಕ್ಷಿಪಣಿಗಳು, ಯಂತ್ರಕೋಣೆ, ಅಡುಗೆಮನೆ, ನಾವಿಕರ ಹಾಸಿಗೆ. ಒಳಗೆ ತಲೆ ಬಗ್ಗಿಸದೆ ನಡೆಯಲಾಗದು. ಯುದ್ಧನೌಕೆ ಎಂದರೆ ಸಿನಿಮಾದ ಭಾರೀ ಹಡಗನ್ನು ಕಲ್ಪಿಸಿಕೊಂಡವರಿಗೆ ಆ ಹಾಸಿಗೆಗಳ ಅಗಲವೇ ಸಾಕಷ್ಟು ಪಾಠ. ಪಕ್ಕದಲ್ಲಿ ನಿಂತಿರುವ ಟುಪೊಲೆವ್ 142 ವಿಮಾನ ಮಾತ್ರ ನಿಜಕ್ಕೂ ದೈತ್ಯ. ಜಲಾಂತರ್ಗಾಮಿಗಳನ್ನು ಹುಡುಕುತ್ತ ಸಾಗರದ ಮೇಲೆ ಹಾರುತ್ತಿದ್ದ ಈ ಜಾತಿಯ ವಿಮಾನಗಳು ನಮ್ಮ ನೌಕಾಪಡೆಯಿಂದ 2017ರಲ್ಲಿ ನಿವೃತ್ತವಾದವು. ರಾಕ್ ಗಾರ್ಡನ್, ಮತ್ಸ್ಯಾಲಯ ಮಕ್ಕಳಿರುವವರಿಗೆ ಸರಿ.

ಟಾಗೋರರ ಹೆಸರು ಇಲ್ಲಿ ಬರಿಯ ಅಲಂಕಾರಕ್ಕೆ ಬಂದುದಲ್ಲ. ಐಸಿಎಸ್ ಸೇರಿದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ, ಇಪ್ಪತ್ತೆರಡರ ಆಸುಪಾಸಿನಲ್ಲಿದ್ದ ರವೀಂದ್ರರು ಅಣ್ಣನ ಮನೆಗೆ ಬಂದು ಉಳಿದು, ಕಾಳಿ ನದಿಯಲ್ಲಿ ದೋಣಿ ವಿಹಾರ ಮಾಡಿ, ಇಲ್ಲಿದ್ದಾಗಲೇ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಅಂತೂ ಕಚೇರಿಯ ನೆಂಟಸ್ತಿಕೆಯಿಂದ ಬಂದು ಸಮುದ್ರ ನೋಡಿದವರೂ ಇದ್ದಾರೆಂದು ಯಜಮಾನರು ನನ್ನನ್ನು ಛೇಡಿಸಿದರು. ಗಾಳಿಮರಗಳ ಸಾಲಿನ ಮಗ್ಗುಲಲ್ಲೇ ಈಗ ಹೆದ್ದಾರಿಯ ಮೇಲ್ಸೇತುವೆ ಹಾದುಹೋಗಿದೆ. ಅಲೆಯ ಸದ್ದಿನ ಜೊತೆಗೆ ಲಾರಿಗಳ ಸದ್ದನ್ನೂ ಕೇಳಿಸಿಕೊಳ್ಳಬೇಕು. ಊರಿನ ದಟ್ಟಣೆ ತಪ್ಪಿಸಲು ಬೇರೆ ದಾರಿಯೇ ಇರಲಿಲ್ಲವೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಭಾನುವಾರ

ಬೆಳಿಗ್ಗೆ ರಿಕ್ಷಾ ಮಾಡಿಕೊಂಡು ಕಾಳಿ ಸೇತುವೆ ದಾಟಿದೆವು. ನಾಲ್ಕು ದಶಕ ಬಾಳಿದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು, ಅದರ ಮೇಲಿದ್ದ ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಬದುಕಿಸಿಕೊಂಡರು. ಈಗ ಸಂಚಾರವೆಲ್ಲ ಪಕ್ಕದ ಹೊಸ ಸೇತುವೆಯ ಮೇಲೆ. ಸೇತುವೆಯ ನಡುವಿನಿಂದ ಪಶ್ಚಿಮಕ್ಕೆ ನೋಡಿದರೆ ನದಿ ಕಡಲಿಗೆ ಸೇರುವ ಅಳಿವೆ, ಆಚೆ ಕೂರ್ಮಗಡ, ಇನ್ನೂ ಆಚೆ ದೀಪಸ್ತಂಭವಿರುವ ದೇವಗಡ. ಕೂರ್ಮಗಡದ ನರಸಿಂಹ ದೇವರ ಜಾತ್ರೆಗೆ ಹೋಗಿ ಮರಳುತ್ತಿದ್ದ ದೋಣಿ 2019ರ ಜನವರಿ 21ರಂದು ಮಗುಚಿ 16 ಮಂದಿ ಸತ್ತರು. ದಡದಿಂದ ನೋಡಿದರೆ ಈಜಿ ಹೋಗಬಹುದೇನೋ ಎನ್ನಿಸುವಷ್ಟು ಹತ್ತಿರ ಕಾಣುವ ಆ ನೀರನ್ನು ಇಲ್ಲಿನ ಮೀನುಗಾರರು ಎಂದೂ ಹಗುರವಾಗಿ ಕಾಣುವುದಿಲ್ಲ.

ಸದಾಶಿವಗಡದ ಗುಡ್ಡ ಹತ್ತುವಾಗ ನನಗೆ ಒಳಗೊಳಗೇ ಊರಿನ ಅಭಿಮಾನ. ಈ ಕೋಟೆ ಕಟ್ಟಿಸಿದವರು ನಮ್ಮ ಶಿರಸಿ ತಾಲೂಕಿನ ಸೋದೆಯ ಅರಸರು. 18ನೇ ಶತಮಾನದ ಆರಂಭದಲ್ಲಿ ಬಸವಲಿಂಗ ನಾಯಕ ತನ್ನ ತಂದೆ ಸದಾಶಿವನ ಹೆಸರಿನಲ್ಲಿ ಅಳಿವೆಯ ಬಾಯಿಗೆ ಈ ಕಾವಲು ಹಾಕಿಸಿದ. ಘಟ್ಟದ ಮೇಲೆ ಬೆಳೆದ ಕಾಳುಮೆಣಸು ಇಳಿದು ಹಡಗು ಹತ್ತುತ್ತಿದ್ದ ದಾರಿ ಇದಾಗಿದ್ದರಿಂದ, ನದಿಯ ಬಾಯನ್ನು ಹಿಡಿದವನೇ ಮೆಣಸಿನ ಸುಂಕವನ್ನೂ ಹಿಡಿಯುತ್ತಿದ್ದ. ಸ್ವಲ್ಪ ಒಳಗಿನ ಕಡವಾಡಕ್ಕೆ ಇಂಗ್ಲಿಷ್ ವರ್ತಕರು 1638ರಷ್ಟು ಹಿಂದೆಯೇ ಬಂದು ವ್ಯಾಪಾರದ ಕೋಠಿ ತೆರೆದದ್ದೂ ಮೆಣಸು ಮತ್ತು ನಯವಾದ ಹತ್ತಿಬಟ್ಟೆಯ ಆಸೆಗೆ. 1665ರಲ್ಲಿ ಶಿವಾಜಿ ಬಂದಾಗ ಆ ಕೋಠಿಯವರೂ ಕಾಣಿಕೆಯ ಪಾಲು ತೆರಬೇಕಾಯಿತು. ಸದಾಶಿವಗಡವನ್ನು ಪೋರ್ಚುಗೀಸರು 1752ರಲ್ಲಿ ವಶಪಡಿಸಿಕೊಂಡು ಕೆಲಕಾಲ ಇಟ್ಟುಕೊಂಡಿದ್ದರು. ನಮ್ಮ ಹಿರಿಯರು ಕಾರವಾರದ ಕಡೆಗೆ ಅರ್ಜಿ ಹಿಡಿದು ಬರುವ ಮೊದಲು ಮೆಣಸಿನ ಮೂಟೆ ಹಿಡಿದು ಬರುತ್ತಿದ್ದರೆಂಬುದು ಗೆಳತಿಗೆ ಹೇಳಲು ನನಗೆ ಸಿಕ್ಕ ಒಳ್ಳೆಯ ಉತ್ತರ. ಕೋಟೆಯಾಗಿ ಉಳಿದಿರುವುದು ಅಲ್ಪ. ಮೇಲೆ ದುರ್ಗಾದೇವಿಯ ಗುಡಿ, ಗುಡ್ಡದ ಬಳಿಯೇ ದರ್ಗಾ, ನಡುವೆ ಗುಡ್ಡವನ್ನು ಸೀಳಿಕೊಂಡು ಹೋದ ಹೆದ್ದಾರಿ. ನೋಟಕ್ಕೆ ಮಾತ್ರ ಕುಂದಿಲ್ಲ.

ಮಾಜಾಳಿಯಿಂದ ಗುಡ್ಡದ ಕಾಲುಹಾದಿಯಲ್ಲಿ ತಿಳಮಾತಿ ತೀರಕ್ಕೆ ನಡೆದೆವು. ಆಚೆ ಗೋವಾದ ಪೋಳೆಂ. ಎರಡು ಕಡೆಯೂ ಬಂಡೆ, ನಡುವೆ ಪುಟ್ಟ ದಂಡೆ. ಮರಳು ಕಪ್ಪು. ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹರಡಿದಾಗ ಅದು ಎಲ್ಲವೂ ಕಪ್ಪಲ್ಲವೆಂದು ತಿಳಿಯಿತು: ಹೊಳಪಿನ ಕಪ್ಪು ಕಾಳುಗಳ ನಡುವೆ ಕಂದು, ಬೂದು, ಅಲ್ಲೊಂದು ಇಲ್ಲೊಂದು ಚಿಪ್ಪಿನ ಬಿಳಿ ಚೂರು. ಸುತ್ತಲಿನ ಕಪ್ಪು ಬಂಡೆ ಅಲೆಯ ಹೊಡೆತಕ್ಕೆ ಸವೆದು ಉದುರುವ ಕಾಳುಗಳಿವು. ಮಾಮೂಲಿ ಮರಳಿಗಿಂತ ದಪ್ಪವಾದ್ದರಿಂದ ಅಂಗಾಲಿಗೆ ಮೆತ್ತಿಕೊಳ್ಳುವುದಿಲ್ಲ. ಅಂಗಡಿ ಏನೂ ಇಲ್ಲ, ನೀರಿನ ಬಾಟಲಿ ಒಯ್ಯಬೇಕು.

ಮರಳುವಾಗ ಭಾನುವಾರದ ಸಂತೆ. ಘಟ್ಟದ ಮೇಲಿನ ತರಕಾರಿ ವ್ಯಾಪಾರಿಗಳ ಪಕ್ಕದಲ್ಲೇ, ಕೊರಳ ತುಂಬ ಕರಿಮಣಿ ಸರ ಧರಿಸಿದ ಹಾಲಕ್ಕಿ ಹೆಂಗಸರು ಹರಿವೆ, ಗೆಣಸು, ಬಸಳೆ ಹರಡಿಕೊಂಡು ಕೂತಿದ್ದರು. ಒಣಮೀನಿನ ಸಾಲಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಳೆದು, ಒಣ ಬಂಗಡೆ ಮತ್ತು ಸಿಗಡಿ ಕಟ್ಟಿಸಿಕೊಂಡೆ. "ಮಳೆಗಾಲಕ್ಕಾ ಬಾಯೀ? ಹಾಗಾದರೆ ಮೇ ತಿಂಗಳಲ್ಲಿ ಬನ್ನಿ, ಆಗಿನದು ಚೆನ್ನಾಗಿ ಒಣಗಿರುತ್ತದೆ" ಎಂದು ಮಾರುವಾಕೆಯೇ ಹೇಳಿದಳು. ವ್ಯಾಪಾರ ಕೆಡಿಸಿಕೊಂಡು ಕೊಟ್ಟ ಆ ಸಲಹೆಗೆ ಮೆಚ್ಚಿ ಇನ್ನೂ ಕಾಲು ಕಿಲೋ ಕೊಂಡೆ.

ಸೋಮವಾರ

ಸೋಮವಾರ ಕಾರವಾರದ ಬಹಳಷ್ಟು ಮನೆಗಳಲ್ಲಿ ಮೀನು ಒಲೆ ಹತ್ತುವುದಿಲ್ಲ. ಮೀನಿನ ಊರಿನ ಸಸ್ಯಾಹಾರವನ್ನು ಉಣ್ಣಬೇಕಾದ ದಿನ ಅದು. ಬೆಳಗಿನ ತಿಂಡಿಗೆ ಪೇಟೆಯ ಹಳೆಯ ಹೋಟೆಲೊಂದರಲ್ಲಿ ಬಾಳೆಹಣ್ಣಿನ ಬನ್ಸ್ ಮತ್ತು ಪಾತಳ ಭಾಜಿ ತಿಂದೆವು. ಬನ್ಸಿನ ಸಿಹಿ, ಭಾಜಿಯ ಖಾರ ಎರಡೂ ಒಂದೇ ತುತ್ತಿನಲ್ಲಿ ಇರಬೇಕು. ಬೇರೆ ಬೇರೆ ತಿಂದರೆ ಎರಡೂ ಸಾಧಾರಣ. ಗೋವಾ ಹತ್ತಿರವಿರುವುದರ ಗುರುತು ಎಂಬಂತೆ ಪಕ್ಕದ ಮೇಜಿನವರು ಅದೇ ಭಾಜಿಯನ್ನು ಪಾವಿನೊಂದಿಗೆ ಅದ್ದಿ ತಿನ್ನುತ್ತಿದ್ದರು.

ಉಳಿದ ಸಮಯದಲ್ಲಿ ಕಾಳಿಯ ದಂಡೆಯ ಕಾಂಡ್ಲಾ ಕಾಡಿನ ನಡುವೆ ಅರಣ್ಯ ಇಲಾಖೆ ಹಾಕಿದ ಕಟ್ಟಿಗೆಯ ಕಾಲುದಾರಿಯಲ್ಲಿ ನಡೆದೆವು. ಇಳಿತದ ಹೊತ್ತಾದ್ದರಿಂದ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳು, ಅವುಗಳ ಬುಡದಲ್ಲಿ ಒಂದೇ ಕೊಂಬನ್ನು ಎತ್ತಿ ಇಳಿಸುವ ಪುಟ್ಟ ಏಡಿಗಳು ಸ್ಪಷ್ಟವಾಗಿ ಕಂಡವು. ಸಿಗಡಿ, ಕುರುಡೆಯಂಥ ಮೀನುಗಳ ಮರಿಗಳು ಬೆಳೆಯುವ ತೊಟ್ಟಿಲು ಈ ಬೇರುಗಳ ನಡುವಿನ ಉಪ್ಪುನೀರು. ಶನಿವಾರ ಬುಟ್ಟಿಯಲ್ಲಿ ಕಂಡಿದ್ದರಲ್ಲಿ ಒಂದಷ್ಟರ ತವರು ಇಲ್ಲಿದೆ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಲ್ಲಿ ನಿಂತು ನಿಂತು, ಕೈಗಾದ ಅಣುಸ್ಥಾವರದ ಮಗ್ಗುಲಿನಿಂದ ಹಾದು ಬರುವ ಕಾಳಿ, ಸುಮಾರು 184 ಕಿಲೋಮೀಟರ್ ಹರಿದ ಮೇಲೆ ಇಲ್ಲಿ ಭರತಕ್ಕೆ ಹಿಂದೆ ಸರಿದು ಇಳಿತಕ್ಕೆ ಮುಂದೆ ಹೋಗುತ್ತಿರುತ್ತದೆ.

ಗೆಳತಿಯ ಮನೆಯಲ್ಲಿ ದಾಳಿತೊವ್ವೆ, ಸುವರ್ಣಗಡ್ಡೆಯ ಪೋಡಿ, ಮಾವಿನಮಿಡಿ ಉಪ್ಪಿನಕಾಯಿಯ ಊಟ ಮುಗಿಸಿ ಮಧ್ಯಾಹ್ನದ ಬಸ್ಸು ಹಿಡಿದೆವು. "ಮೇ ತಿಂಗಳಲ್ಲಿ ಬನ್ನಿ ಅಕ್ಕೋರೇ, ಅಂಕೋಲಾದ ಕರಿ ಈಶಾಡು ಮಾವು ಬಂದಿರುತ್ತದೆ" ಎಂದು ಅವಳು ಹೇಳುತ್ತಿದ್ದಾಗಲೇ ಕಂಡಕ್ಟರು ನಮ್ಮ ಚೀಲದ ಕಡೆ ಮೂಗು ತಿರುಗಿಸಿ, ಒಣಮೀನಿದ್ದರೆ ಹಿಂದಿನ ಸೀಟಿನ ಅಡಿಗೆ ಇಡಬೇಕೆಂದೂ ಘಟ್ಟ ಹತ್ತುವಾಗ ಅದರ ವಾಸನೆಗೆ ಯಾರಾದರೂ ವಾಂತಿ ಮಾಡಿದರೆ ಹೊಣೆ ನಮ್ಮದೆಂದೂ ತಾಕೀತು ಮಾಡಿದರು.